ಪ್ರಮಾಣಿಸಿ ನೋಡಿದ ಮೇಲೆ ನಂಬೋಣ

‘ಸರ್, ನಾನೇ ಮೊಬೈಲಿನಲ್ಲಿ ನೋಡೀನಿ!’ ತರಗತಿಯಲ್ಲಿ ಮಕ್ಕಳು ಆಗಾಗ ಹೇಳುವ ಮಾತಿದು. ಕಂಡದ್ದೆಲ್ಲ ನಿಜವೆಂಬ ನಂಬಿಕೆ ಅವರದು. ಆದರೆ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಎಂದೋ ಎಚ್ಚರಿಸಿದ್ದಾರೆ. ಆ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ ಒಂದು ನೋವಿನ ಉದಾಹರಣೆಯಿದೆ.

2018ರ ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವರು ಹಳ್ಳಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಬ್ಬಿತು. ಮುರ್ಕಿ ಗ್ರಾಮದಲ್ಲಿ ಜನರು ಅವರನ್ನು ತಡೆದು ಥಳಿಸಿದರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಯುವ ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಪ್ರಾಣ ಕಳೆದುಕೊಂಡರು.

ಆ ವರ್ಷ ದೇಶದಲ್ಲಿ ಹರಿದಾಡಿದ ಒಂದು ವಿಡಿಯೊದಲ್ಲಿ, ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ತಯಾರಿಸಿದ ಚಿತ್ರ. ಮೂಲದಲ್ಲಿ ಅವರು ಮಗುವನ್ನು ಮರಳಿ ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನೇ ಯಾರೋ ಕತ್ತರಿಸಿದ್ದರು. ಜನ ಕಂಡ ದೃಶ್ಯ ನಿಜ, ತಿಳಿದ ಅರ್ಥ ಸುಳ್ಳು!

ವಿಧಾನ ಬರೆಯದೆ ಫಲಿತಾಂಶವನ್ನಷ್ಟೇ ಬರೆದ ಪ್ರಯೋಗಕ್ಕೆ ನಾವು ಅಂಕ ಕೊಡುವುದಿಲ್ಲ. ಸುದ್ದಿಗೂ ಇದೇ ನಿಯಮವಿರಲಿ. ಮೊದಲು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತಾಯಿತು? ಇದು ಎಲ್ಲಿಯದು, ಯಾವಾಗಿನದು? ಪೂರ್ಣವಾಗಿದೆಯೇ? ಬೇರೆ ಮೂಲದಿಂದಲೂ ಖಚಿತವಾಗಿದೆಯೇ? ಹತ್ತು ಗುಂಪುಗಳಲ್ಲಿ ಬಂದರೂ ಮೂಲ ಒಂದೇ ಆಗಿದ್ದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ.

ಸುಳ್ಳಲ್ಲದ ಮಾತೂ ಒಂದು ಕಡೆಗೆ ವಾಲಿರಬಹುದು. ‘ಈ ಔಷಧಿ ಹೊಡೆದರೆ ಭತ್ತದ ಇಳುವರಿ ಹೆಚ್ಚು’ ಎಂಬ ಕರಪತ್ರವನ್ನೇ ನೋಡಿ. ಅದನ್ನು ಅಚ್ಚು ಹಾಕಿಸಿದವರಿಗೆ ಔಷಧಿ ಮಾರಾಟವಾಗಬೇಕು. ಔಷಧಿ ಹೊಡೆಯದ ಪಕ್ಕದ ಹೊಲದಲ್ಲಿ ಎಷ್ಟು ಬೆಳೆಯಿತು ಎಂದು ಕೇಳಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನೂ ವಿಚಾರಿಸಬೇಕು. ನಮ್ಮ ಮನಸ್ಸೂ ವಾಲುತ್ತದೆ. ಭಯ ಹುಟ್ಟಿಸುವ ಸುದ್ದಿಯನ್ನು ನಾವು ಬೇಗ ನಂಬುತ್ತೇವೆ.

ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವಂತೆ ವಾಟ್ಸ್‌ಆ್ಯಪ್ 2018ರಲ್ಲಿಯೇ ನಮ್ಮ ದೇಶದಲ್ಲಿ ಮಿತಿ ಹಾಕಿತು. ಅನಾಹುತಕ್ಕೆ ಆ ಐದೇ ಸಾಕಲ್ಲವೇ?

ಪಾಲಕರೇ, ‘ಅಪ್ಪಾ, ಇದನ್ನು ಯಾರು ಹೇಳಿದರು?’ ಎಂದು ಮಗು ಕೇಳಿದರೆ ಗದರಬೇಡಿ. ಜೊತೆಗೆ ಕುಳಿತು ಉತ್ತರ ಹುಡುಕಿ. ಆ ಪ್ರಶ್ನೆ ಒಂದು ಜೀವವನ್ನೂ ಉಳಿಸಬಲ್ಲದು.