ಖಿದಿರ್‌ಪುರದ ಪಕ್ಕದಲ್ಲೊಂದು ಪುಟ್ಟ ರಾಜ್ಯವಿತ್ತು

ಜಗತ್ತಿನ ಅತಿ ಚಿಕ್ಕ ಸ್ವತಂತ್ರ ದೇಶ ಯಾವುದೆಂದರೆ ಶಾಲೆಯ ಮಕ್ಕಳೂ ವ್ಯಾಟಿಕನ್ ಎನ್ನುತ್ತಾರೆ. ರೋಮ್ ನಗರದೊಳಗಿರುವ ಈ ದೇಶದ ವಿಸ್ತೀರ್ಣ ಸುಮಾರು 44 ಹೆಕ್ಟೇರ್, ಅಂದರೆ 110 ಎಕರೆಗೂ ಕಡಿಮೆ. ನಮ್ಮ ಲಾಲ್‌ಬಾಗ್ ಇದರ ಎರಡರಷ್ಟು ದೊಡ್ಡದು! ಆದರೂ ಅದಕ್ಕೆ ತನ್ನದೇ ಅಂಚೆ, ನಾಣ್ಯ, ರೇಡಿಯೋ ಮತ್ತು ರೈಲು ನಿಲ್ದಾಣ ಇವೆ. 1506ರಿಂದ ಪೋಪರನ್ನು ಕಾಯುತ್ತಿರುವ ಸ್ವಿಸ್ ಕಾವಲು ಪಡೆಯೂ ಇದೆ. ಇಲ್ಲಿನ ಪೌರತ್ವ ಹುಟ್ಟಿನಿಂದ ಬರುವುದಿಲ್ಲ, ಹುದ್ದೆಯಿಂದ ಬರುತ್ತದೆ. ಕೆಲಸ ಮುಗಿದರೆ ಸಾಮಾನ್ಯವಾಗಿ ಪೌರತ್ವವೂ ಮುಗಿಯುತ್ತದೆ. ನಮ್ಮ ಐಟಿ ಕಂಪನಿಗಳ ಐಡಿ ಕಾರ್ಡ್ ಇದ್ದಂತೆ.

ಇಂಥದ್ದೇ ಒಂದು ಪುಟ್ಟ ರಾಜ್ಯ ನಾನೀಗ ವಾಸವಾಗಿರುವ ಖಿದಿರ್‌ಪುರದ ಪಕ್ಕದಲ್ಲೇ ಇತ್ತು. ಹಡಗುಕಟ್ಟೆ ದಾಟಿ ಹೂಗ್ಲಿ ನದಿಯ ದಂಡೆಗುಂಟ ಪಶ್ಚಿಮಕ್ಕೆ ಹೋದರೆ ಗಾರ್ಡನ್ ರೀಚ್, ಅಲ್ಲಿಂದ ಮುಂದೆ ಮಟಿಯಾಬುರ್ಜ್. ಅವಧ್ ರಾಜ್ಯದ ಕೊನೆಯ ನವಾಬ ವಾಜಿದ್ ಅಲಿ ಶಾ ತನ್ನ ಜೀವನದ ಕೊನೆಯ ಮೂವತ್ತು ವರ್ಷ ಕಳೆದದ್ದು ಇಲ್ಲಿ.

1856ರ ಫೆಬ್ರವರಿಯಲ್ಲಿ ಡಾಲ್‌ಹೌಸಿ ಅವಧ್ ರಾಜ್ಯವನ್ನು ಕಂಪನಿಗೆ ಸೇರಿಸಿಕೊಂಡ. ಅದಕ್ಕೆ ಮುನ್ನ ನವಾಬನ ಮುಂದೊಂದು ಒಪ್ಪಂದ ಇಟ್ಟಿದ್ದರು. ವರ್ಷಕ್ಕೆ 12 ಲಕ್ಷ ರೂಪಾಯಿ ಪಿಂಚಣಿ, ರಾಜನೆಂಬ ಬಿರುದು, ಜೊತೆಗೆ ಲಖನೌದ ಅರಮನೆ ಹಾಗೂ ಎರಡು ಉದ್ಯಾನಗಳೊಳಗೆ ಪೂರ್ತಿ ಅಧಿಕಾರ. ಮರಣದಂಡನೆ ವಿಧಿಸುವ ಅಧಿಕಾರ ಮಾತ್ರ ಇಲ್ಲ. ಒಂದು ರೀತಿಯಲ್ಲಿ ಅದು ಭಾರತದ ವ್ಯಾಟಿಕನ್ ಆಗುತ್ತಿತ್ತು! ನವಾಬ ಸಹಿ ಹಾಕಲಿಲ್ಲ. ನ್ಯಾಯ ಕೇಳಲೆಂದು ಕೋಲ್ಕತ್ತಕ್ಕೆ ಬಂದ. ಅವನ ತಾಯಿ ವಿಕ್ಟೋರಿಯಾ ರಾಣಿಯನ್ನು ಕಾಣಲು ಲಂಡನ್ನಿಗೇ ಹೋದಳು. ಆಕೆ ಬರಿಗೈಯಲ್ಲಿ ಮರಳುವಾಗ ಪ್ಯಾರಿಸ್‌ನಲ್ಲಿ ತೀರಿಕೊಂಡಳು. ಅಷ್ಟರಲ್ಲಿ 1857ರ ದಂಗೆ ಎದ್ದು, ನವಾಬನನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಫೋರ್ಟ್ ವಿಲಿಯಂನಲ್ಲಿ ಕೂಡಿಹಾಕಿದರು.

ಕೊನೆಗೆ ಪಿಂಚಣಿ ಒಪ್ಪಿಕೊಂಡ ನವಾಬ, ತಿಂಗಳಿಗೆ ಬರುತ್ತಿದ್ದ ಒಂದು ಲಕ್ಷದಲ್ಲಿ ಮಟಿಯಾಬುರ್ಜ್‌ನಲ್ಲಿ ಇನ್ನೊಂದು ಲಖನೌ ಕಟ್ಟಿದ. ಅರಮನೆಗಳು, ಇಮಾಂಬಾಡಾ, ದರ್ಬಾರು, ಕಾವಲುಗಾರರು, ಸಂಗೀತಗಾರರು, ಕಥಕ್ ಕಲಾವಿದರು, ಬಾಣಸಿಗರು, ದರ್ಜಿಗಳು, ಹುಲಿ ಹಾವುಗಳಿದ್ದ ಪ್ರಾಣಿಸಂಗ್ರಹಾಲಯ ಎಲ್ಲವೂ ಇದ್ದವು. ಬಾಲ್ಯದಲ್ಲಿ ಇಲ್ಲಿದ್ದ ಉರ್ದು ಲೇಖಕ ಅಬ್ದುಲ್ ಹಲೀಮ್ ಶರರ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಒಳಗೆ ನೋಡಿದರೆ ರಾಜ್ಯ, ಕಾಗದದ ಮೇಲೆ ನೋಡಿದರೆ ಏನೂ ಅಲ್ಲ. ನವಾಬನ ವ್ಯವಹಾರಗಳನ್ನು ನೋಡಿಕೊಳ್ಳಲು ಸರ್ಕಾರ ಒಬ್ಬ ಬ್ರಿಟಿಷ್ ಏಜೆಂಟನನ್ನು ಇಟ್ಟಿತ್ತು.

ಅದೇ ಕಾಲದಲ್ಲಿ ಪೋಪರ ಕಥೆಯೂ ಹೀಗೇ ಇತ್ತು. 1870ರಲ್ಲಿ ಇಟಲಿಯ ಸೇನೆ ರೋಮ್ ವಶಪಡಿಸಿಕೊಂಡು, ಮರುವರ್ಷ ಒಂದು ಕಾನೂನು ಮಾಡಿ ಪೋಪರಿಗೆ ವರ್ಷಕ್ಕೆ 32 ಲಕ್ಷ ಲಿರಾಗೂ ಹೆಚ್ಚು ಹಣ ಕೊಡಲು ಮುಂದಾಯಿತು. ಒಂಬತ್ತನೇ ಪಯಸ್ ಬೇಡವೆಂದರು. ಇನ್ನೊಬ್ಬರ ಸಂಸತ್ತು ಮಾಡಿದ ಕಾನೂನನ್ನು ಅದೇ ಸಂಸತ್ತು ನಾಳೆ ಅಳಿಸಬಹುದಲ್ಲ! ಪೋಪರು ಐವತ್ತೊಂಬತ್ತು ವರ್ಷ ತಮ್ಮನ್ನು 'ವ್ಯಾಟಿಕನ್ನಿನ ಕೈದಿ' ಎಂದೇ ಭಾವಿಸಿಕೊಂಡು ಕಾದರು. 1929ರ ಫೆಬ್ರವರಿ 11ರಂದು ಸಹಿಯಾದ ಲ್ಯಾಟರನ್ ಒಪ್ಪಂದ ಇಬ್ಬರು ಸಮಾನರ ನಡುವಿನದ್ದು. ವ್ಯಾಟಿಕನ್ ದೇಶ ಹುಟ್ಟಿದ್ದು ಆಗಲೇ.

ನವಾಬನಿಗೆ ಹಾಗೆ ಕಾಯುವ ಅನುಕೂಲ ಇರಲಿಲ್ಲ. ಪೋಪರಿಗೆ ಜಗತ್ತಿನಾದ್ಯಂತ ಭಕ್ತರ ಕಾಣಿಕೆ ಬರುತ್ತಿತ್ತು, ಇವನಿಗೆ ಬರುತ್ತಿದ್ದುದು ರಾಜ್ಯ ಕಿತ್ತುಕೊಂಡವರ ದುಡ್ಡೇ. ಒಬ್ಬ ಪೋಪ್ ತೀರಿಕೊಂಡರೆ ಕಾರ್ಡಿನಲ್‌ಗಳು ಇನ್ನೊಬ್ಬರನ್ನು ಆರಿಸುತ್ತಾರೆ. ಇಲ್ಲಿ 1887ರಲ್ಲಿ ನವಾಬ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಯಾರೂ ಬರಲಿಲ್ಲ. ಆಸ್ತಿ ಹಂಚಿಹೋಯಿತು, ಮಾರಾಟವಾಯಿತು, ಅರಮನೆಗಳು ಬಹುಪಾಲು ಅಳಿದವು. ಐದು ವರ್ಷದಲ್ಲಿ ಖಿದಿರ್‌ಪುರದ ಹಡಗುಕಟ್ಟೆ ಶುರುವಾಗಿ ಊರಿನ ಚಹರೆಯೇ ಬದಲಾಯಿತು.

ರಾಜ್ಯ ಕಳೆದುಕೊಂಡವರಿಗೆ ಕೋಲ್ಕತ್ತ ಹೊಸತೇನಲ್ಲ. 1806ರ ವೆಲ್ಲೂರು ದಂಗೆಯ ನಂತರ ನಮ್ಮ ಟಿಪ್ಪುವಿನ ಮಕ್ಕಳನ್ನೂ ಇಲ್ಲಿಗೇ ಕಳಿಸಿದ್ದರು. ಧರ್ಮತಲಾದಲ್ಲಿರುವ ಟಿಪ್ಪು ಸುಲ್ತಾನ್ ಮಸೀದಿಯನ್ನು 1842ರಲ್ಲಿ ಕಟ್ಟಿಸಿದ್ದು ಅವನ ಮಗ ಗುಲಾಮ್ ಮೊಹಮ್ಮದ್. ಕನ್ನಡನಾಡಿನ ಈ ನೆನಪು ಇಷ್ಟು ದೂರದಲ್ಲಿ ಒಂದು ಕಟ್ಟಡವಾಗಿ ಉಳಿದಿದೆ.

ಮಟಿಯಾಬುರ್ಜ್‌ನಲ್ಲಿ ಉಳಿದದ್ದು ಬೇರೆ. ಇಂದು ಅದು ಸಿದ್ಧ ಉಡುಪುಗಳ ದೊಡ್ಡ ಸಗಟು ಮಾರುಕಟ್ಟೆ, ಗಲ್ಲಿ ಗಲ್ಲಿಯಲ್ಲೂ ಹೊಲಿಗೆ ಯಂತ್ರದ ಸದ್ದು. ಗಾಳಿಪಟದ ಹುಚ್ಚು ಇನ್ನೂ ಇದೆ. ಕೋಲ್ಕತ್ತದ ಬಿರಿಯಾನಿಗೆ ಆಲೂಗಡ್ಡೆ ಸೇರಿದ್ದು ನವಾಬನ ಅಡುಗೆಮನೆಯಿಂದಲೇ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಅರಮನೆ ನಿಂತಿದ್ದದ್ದು ಒಬ್ಬನ ಪಿಂಚಣಿಯ ಮೇಲೆ, ಇವೆಲ್ಲ ನಿಂತಿರುವುದು ಜನರ ದಿನನಿತ್ಯದ ದುಡಿಮೆಯ ಮೇಲೆ. ಊರು ಬಿಟ್ಟು ಬಂದು ನಮ್ಮ ನುಡಿ ಉಳಿಸಿಕೊಳ್ಳಲು ಒದ್ದಾಡುವ ನಮ್ಮಂಥವರು ಯೋಚಿಸಬೇಕಾದ ವಿಷಯ ಇದು. ಸಂಘಕ್ಕೊಂದು ಭವನ, ಅದಕ್ಕೊಬ್ಬ ದಾನಿ ಇದ್ದರೆ ಒಳ್ಳೆಯದೇ, ಆದರೆ ಮನೆಯೊಳಗೆ ಮಕ್ಕಳು ಕನ್ನಡ ಆಡದಿದ್ದರೆ ಆ ಭವನ ಎಷ್ಟು ದಿನ ನಮ್ಮದಾಗಿರುತ್ತದೆ?

ಕೋಲ್ಕತ್ತಕ್ಕೆ ಬಂದರೆ ವಿಕ್ಟೋರಿಯಾ ಸ್ಮಾರಕ, ದಕ್ಷಿಣೇಶ್ವರ ನೋಡಿ. ಅರ್ಧ ದಿನ ಉಳಿದರೆ ಖಿದಿರ್‌ಪುರ ದಾಟಿ ಸಿಬ್ತೈನಾಬಾದ್ ಇಮಾಂಬಾಡಾಕ್ಕೂ ಹೋಗಿಬನ್ನಿ. ನವಾಬ 1864ರಲ್ಲಿ ಕಟ್ಟಿಸಿದ್ದು, ಅವನ ಸಮಾಧಿ ಇರುವುದೂ ಅಲ್ಲೇ.