ನೀರು ಬಳಕೆದಾರರ ಸಹಕಾರ ಸಂಘದ ನಿರ್ದೇಶಕರ ಹೊಣೆ: ಕೊನೆಯ ಹೊಲಕ್ಕೂ ನೀರು ತಲುಪಿಸುವ ಲೆಕ್ಕ

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ, ಕಡೂರು ಮತ್ತು ಅಜ್ಜಂಪುರ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ನೀರಿನ ದೃಷ್ಟಿಯಿಂದ ಬೇರೆ ಬೇರೆ ಸ್ವಭಾವದವು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದ್ದು, ಅದರ ಬಲದಂಡೆ ನಾಲೆ ಈ ತಾಲ್ಲೂಕಿನ ಭೂಮಿಗೆ ನೀರುಣಿಸಿ ಚನ್ನಗಿರಿ, ದಾವಣಗೆರೆಯತ್ತ ಸಾಗುತ್ತದೆ. ಕಡೂರು ಬಯಲುಸೀಮೆಯ ತಾಲ್ಲೂಕು. ಇಲ್ಲಿಯ ಬೇಸಾಯ ಮಳೆ, ಕೊಳವೆಬಾವಿ ಹಾಗೂ ಅಯ್ಯನಕೆರೆ, ಮದಗದಕೆರೆಗಳಂತಹ ಹಳೆಯ ಕೆರೆಗಳನ್ನು ಅವಲಂಬಿಸಿದೆ. ಅಜ್ಜಂಪುರದ ಬಳಿ ಸುಮಾರು 7 ಕಿ.ಮೀ. ಉದ್ದದ ಸುರಂಗದ ಮೂಲಕ ಭದ್ರಾ ಮೇಲ್ದಂಡೆ ಯೋಜನೆಯ ನೀರು ಚಿತ್ರದುರ್ಗದ ಕಡೆಗೆ ಹರಿಯುತ್ತದೆ.

ಮೂಲ ಯಾವುದೇ ಇರಲಿ, ನೀರು ಹೊಲ ಸೇರುವ ಕೊನೆಯ ಹಂತದಲ್ಲಿ ಅದನ್ನು ಹಂಚುವವರು ರೈತರೇ. ಈ ಹಂಚಿಕೆಗೆ ಕಾನೂನಿನ ಮನ್ನಣೆಯಿರುವ ಸಂಸ್ಥೆಯೆಂದರೆ ನೀರು ಬಳಕೆದಾರರ ಸಹಕಾರ ಸಂಘ. ಈ ಸಂಘದ ಆಡಳಿತ ಮಂಡಳಿಗೆ ಆಯ್ಕೆಯಾಗುವ ರೈತರು ಏನನ್ನು ತಿಳಿದಿರಬೇಕು, ಯಾವ ಲೆಕ್ಕವನ್ನು ಇಡಬೇಕು ಎಂಬುದನ್ನು ಬೇಸಾಯ ಶಾಸ್ತ್ರದ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಸಂಘದ ಸ್ವರೂಪ

ಈ ಸಂಘಗಳು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ ಅಡಿಯಲ್ಲಿ ನೋಂದಣಿಯಾಗುತ್ತವೆ. ಕರ್ನಾಟಕ ನೀರಾವರಿ ಅಧಿನಿಯಮ, 1965ಕ್ಕೆ 2000ನೇ ಇಸವಿಯಲ್ಲಿ ತಂದ ತಿದ್ದುಪಡಿಯು ನೀರಿನ ನಿರ್ವಹಣೆಯಲ್ಲಿ ಅವುಗಳಿಗೆ ಸ್ಥಾನ ಕಲ್ಪಿಸಿತು. ಸಂಘವು ನೀರಾವರಿ ನಿಗಮದೊಂದಿಗೆ ಒಡಂಬಡಿಕೆ ಮಾಡಿಕೊಂಡು ತನ್ನ ವ್ಯಾಪ್ತಿಗೆ ಸಗಟಾಗಿ ನೀರನ್ನು ಪಡೆದು, ಸದಸ್ಯರಿಗೆ ಹಂಚಿ, ನೀರಿನ ಕರವನ್ನು ಸಂಗ್ರಹಿಸಿ, ಹೊಲಗಾಲುವೆಗಳನ್ನು ಸುಸ್ಥಿತಿಯಲ್ಲಿಡಬೇಕೆಂಬುದು ಈ ವ್ಯವಸ್ಥೆಯ ತಿರುಳು.

ಜಲಾಶಯದಿಂದ ನಾಲೆಗೆ ಎಂದು, ಎಷ್ಟು ದಿನ ನೀರು ಬಿಡಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಆ ತೀರ್ಮಾನ ನಿರ್ದೇಶಕರ ಕೈಯಲ್ಲಿಲ್ಲ. ಆದರೆ ತೂಬಿನಿಂದ ಕೆಳಗೆ ಬಂದ ನೀರು ಯಾರ ಹೊಲಕ್ಕೆ, ಎಷ್ಟು ಹೊತ್ತು, ಯಾವ ಕ್ರಮದಲ್ಲಿ ಹೋಗಬೇಕೆಂಬುದು ಅವರ ಹೊಣೆ. 2023ರ ಬರದಲ್ಲಿ ಭದ್ರಾ ನಾಲೆಗಳಿಗೆ ಬಿಟ್ಟು ಬಿಟ್ಟು ನೀರು ಹರಿಸುವ ನಿರ್ಧಾರವಾದಾಗ ದಾವಣಗೆರೆ ಭಾಗದ ರೈತರು ಬೀದಿಗಿಳಿದುದನ್ನು ಎಲ್ಲರೂ ಬಲ್ಲರು. ನೀರು ಕಡಿಮೆಯಾದ ವರ್ಷ ಮೊದಲು ಒಣಗುವುದು ಕೊನೆಯ ಭಾಗದ ಹೊಲವೇ. ಸಂಘದ ಯೋಗ್ಯತೆ ತಿಳಿಯುವುದೂ ಅಂತಹ ವರ್ಷದಲ್ಲಿಯೇ.

ಮೊದಲ ಪಾಠ: ನೀರನ್ನು ಅಳೆಯುವುದು

ಅಳತೆಯಿಲ್ಲದೆ ಮಾಡಿದ ಹಂಚಿಕೆ ಜಗಳಕ್ಕೆ ದಾರಿ. ನಿರ್ದೇಶಕರು ಕೆಳಗಿನ ಮೂರು ಅಂಶಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

1. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್ ಹರಿವು.
2. ಒಂದು ಕ್ಯುಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಯಲ್ಲಿ ಸುಮಾರು ಒಂದು ಅಂಗುಲ ನೀರು ನಿಲ್ಲುತ್ತದೆ. ಇದು ಸುಮಾರು 1 ಲಕ್ಷ ಲೀಟರ್.
3. ಒಂದು ಟಿ.ಎಂ.ಸಿ. ನೀರು ಸುಮಾರು 22,950 ಎಕರೆಯಲ್ಲಿ ಒಂದು ಅಡಿ ನಿಲ್ಲುವಷ್ಟು.

ಹೊಲಗಾಲುವೆಯ ಹರಿವನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಕಾಲುವೆಯ ನೇರವಾದ, ಒಂದೇ ಅಗಲವಿರುವ 10 ಮೀಟರ್ ಭಾಗವನ್ನು ಆಯ್ದು ಎರಡೂ ತುದಿಗೆ ಗೂಟ ನೆಡಿರಿ. ಮೇಲಿನ ಗೂಟದ ಬಳಿ ಒಂದು ಮರದ ತುಂಡನ್ನು ನೀರಿನ ನಡುಭಾಗಕ್ಕೆ ಬಿಟ್ಟು, ಅದು ಕೆಳಗಿನ ಗೂಟವನ್ನು ತಲುಪುವ ಸಮಯವನ್ನು ನೋಡಿರಿ. ಕಾಲುವೆಯ ಅಗಲ 60 ಸೆಂ.ಮೀ., ನೀರಿನ ಆಳ 20 ಸೆಂ.ಮೀ. ಇದ್ದು, ತುಂಡು 36 ಸೆಕೆಂಡಿನಲ್ಲಿ ತಲುಪಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.28 ಮೀಟರ್. ತಳ ಮತ್ತು ಬದಿಗಳಲ್ಲಿ ನೀರು ನಿಧಾನವಾಗಿ ಹರಿಯುವುದರಿಂದ ಇದನ್ನು 0.85ರಿಂದ ಗುಣಿಸಬೇಕು. ಬರುವ ವೇಗವನ್ನು ಅಗಲ ಮತ್ತು ಆಳದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 28 ಲೀಟರ್, ಅಂದರೆ ಒಂದು ಕ್ಯುಸೆಕ್. ಮೂರು ಬಾರಿ ಅಳೆದು ಸರಾಸರಿ ತೆಗೆದುಕೊಳ್ಳುವುದು ಸೂಕ್ತ. ಸೌಡಿಗಳು ಮತ್ತು ಇಬ್ಬರು ಸದಸ್ಯರ ಸಮ್ಮುಖದಲ್ಲಿ ಅಳೆದು, ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಟ್ಟರೆ ಅದು ಮುಂದೆ ಸಂಘಕ್ಕೆ ಆಧಾರವಾಗುತ್ತದೆ.

ಎರಡನೆಯ ಪಾಠ: ಸರದಿಯ ಲೆಕ್ಕ

ಒಂದು ಕ್ಯುಸೆಕ್ ಹರಿಯುವ ತೂಬಿನ ಕೆಳಗೆ 80 ಎಕರೆ ಇದೆಯೆಂದು ಇಟ್ಟುಕೊಳ್ಳೋಣ. ಪ್ರತಿ ಎಕರೆಗೆ ಎರಡು ಅಂಗುಲ ನೀರು ಕೊಡಬೇಕು. ದಾರಿಯಲ್ಲಿ ನೀರು ನಷ್ಟವಾಗದಿದ್ದರೆ ಎಕರೆಗೆ 2 ಗಂಟೆ ಸಾಕು. ಆದರೆ ಹೂಳು, ಕಳೆ, ಬಿರುಕುಗಳಿಂದ ನಾಲ್ಕನೇ ಒಂದು ಭಾಗ ಸೋರಿಹೋದರೆ ಎಕರೆಗೆ 2 ಗಂಟೆ 40 ನಿಮಿಷ ಬೇಕು. ಆಗ 80 ಎಕರೆಗೆ 213 ಗಂಟೆ, ಅಂದರೆ ಸುಮಾರು 9 ದಿನ.

ನಾಲೆಯಲ್ಲಿ ನೀರು ಹರಿಯುವುದು 8 ದಿನ ಮಾತ್ರವಾದರೆ 72 ಎಕರೆಗೆ ನೀರು ಸಿಕ್ಕು, ಕೊನೆಯ 8 ಎಕರೆ ಒಣಗುತ್ತದೆ. ಆ ಎಂಟು ಎಕರೆಯವರು ಗೊಬ್ಬರ, ಬೀಜ, ಕೂಲಿಗೆ ಮಾಡಿದ ಖರ್ಚು ಮೇಲಿನವರಷ್ಟೇ. ಅವರಿಗೆ ವಿಧಿಸುವ ಕರವೂ ಅಷ್ಟೇ.

ಅದೇ ಕಾಲುವೆಯ ಹೂಳು ತೆಗೆದು, ಕಳೆ ಕಿತ್ತು, ಬಿರುಕು ಮುಚ್ಚಿ ಸೋರಿಕೆಯನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಎಕರೆಗೆ 2 ಗಂಟೆ 13 ನಿಮಿಷ ಸಾಕು. ಒಟ್ಟು 178 ಗಂಟೆ, ಅಂದರೆ ಏಳೂವರೆ ದಿನದೊಳಗೆ ಸರದಿ ಮುಗಿಯುತ್ತದೆ. ಜಲಾಶಯದಿಂದ ಒಂದು ಹನಿ ಹೆಚ್ಚು ಪಡೆಯದೆ ಆ ಎಂಟು ಎಕರೆ ಉಳಿಯುತ್ತದೆ. ನೀರು ಬಿಡುವ ಮೊದಲೇ ಕಾಲುವೆಯ ಉದ್ದಕ್ಕೂ ನಡೆದು ನೋಡುವುದು ನಿರ್ದೇಶಕರ ಅತಿ ಮುಖ್ಯ ಕೆಲಸವೆಂದು ಹೇಳಲು ಇದೇ ಕಾರಣ.

ನೀರು 6 ದಿನ ಮಾತ್ರ ಬಂದರೆ? ಆಗ ಸುಸ್ಥಿತಿಯ ಕಾಲುವೆಯಲ್ಲಿಯೂ ಎಲ್ಲರಿಗೆ ಪೂರ್ಣ ಸರದಿ ಸಾಧ್ಯವಿಲ್ಲ. ಇಂತಹ ಸಂದರ್ಭದಲ್ಲಿ ಕೊನೆಯವರನ್ನು ಬಿಡುವ ಬದಲು ಪ್ರತಿ ಎಕರೆಯ ಸಮಯವನ್ನು 1 ಗಂಟೆ 48 ನಿಮಿಷಕ್ಕೆ ಇಳಿಸಬೇಕು. ಎಲ್ಲರಿಗೂ ಒಂದೂವರೆ ಅಂಗುಲಕ್ಕಿಂತ ತುಸು ಹೆಚ್ಚು ನೀರು ದೊರೆಯುತ್ತದೆ. ಕೊರತೆಯನ್ನು ಸಮನಾಗಿ ಹಂಚಿಕೊಂಡರೆ ಬೆಳೆ ಸೊರಗಬಹುದು, ಆದರೆ ಯಾರೊಬ್ಬರ ಬೆಳೆಯೂ ಪೂರ್ತಿ ನಾಶವಾಗುವುದಿಲ್ಲ.

ಸರದಿ ಪಟ್ಟಿ ಸಿದ್ಧಪಡಿಸುವಾಗ ಗಮನಿಸಬೇಕಾದ ಅಂಶಗಳು:

• ನೀರಿನ ಸರದಿಯನ್ನು ಕೊನೆಯ ಭಾಗದಿಂದ ಆರಂಭಿಸುವುದು. ಹೀಗೆ ಮಾಡಿದಾಗ ನೀರು ಮಧ್ಯದಲ್ಲಿ ನಿಂತರೂ ಮೇಲಿನವರಿಗೆ ಮುಂದಿನ ಸುತ್ತಿನಲ್ಲಿ ಪಡೆಯುವ ಅವಕಾಶ ಹೆಚ್ಚು.
• ಸುತ್ತು ಪೂರ್ಣ ದಿನಗಳಿಗೆ ಸರಿಯಾಗಿ ಮುಗಿದರೆ ರಾತ್ರಿ ಸರದಿಯವರಿಗೆ ಸದಾ ರಾತ್ರಿಯೇ ಬರುತ್ತದೆ. ಆದ್ದರಿಂದ ಪ್ರತಿ ಸುತ್ತಿನ ಆರಂಭವನ್ನು 12 ಗಂಟೆ ಬದಲಿಸುವುದು. ಒಂಟಿ ಮಹಿಳೆಯರು, ವೃದ್ಧರ ಹೊಲಗಳಿಗೆ ರಾತ್ರಿ ನೆರವಿನ ವ್ಯವಸ್ಥೆ ಮಾಡುವುದು.
• ಪಟ್ಟಿಯನ್ನು ಪಂಚಾಯಿತಿ ಕಚೇರಿ, ಹಾಲಿನ ಡೇರಿ ಮುಂತಾದ ಎಲ್ಲರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಅಂಟಿಸುವುದು.

ಮೂರನೆಯ ಪಾಠ: ಬೆಳೆ ಯೋಜನೆ

ಹಂಚಿಕೆಯ ಕಷ್ಟದಲ್ಲಿ ಅರ್ಧ ಭಾಗ ಹಂಗಾಮಿನ ಮೊದಲೇ ಹುಟ್ಟುತ್ತದೆ. ನಾಟಿಗಾಗಿ ಗದ್ದೆಯನ್ನು ಕೆಸರು ಮಾಡಲು ಸುಮಾರು 8 ಅಂಗುಲ ನೀರು ಬೇಕು. ಮೇಲಿನ ಉದಾಹರಣೆಯ 80 ಎಕರೆಯವರೂ ಒಂದೇ ವಾರ ಕೆಸರು ಮಾಡಲು ಹೊರಟರೆ, ಸೋರಿಕೆಯನ್ನು ಲೆಕ್ಕಿಸದಿದ್ದರೂ 640 ಗಂಟೆ, ಅಂದರೆ ಸುಮಾರು 27 ದಿನ ಹಿಡಿಯುತ್ತದೆ. ಆದಕಾರಣ ಸಸಿಮಡಿ ಹಾಕುವ ಮುನ್ನವೇ ಸಭೆ ಕರೆದು, ಗುಂಪುಗಳಾಗಿ ವಿಂಗಡಿಸಿ, ಬಿತ್ತನೆಯ ದಿನಗಳನ್ನು ಹಿಂದೆಮುಂದೆ ಮಾಡುವುದು ಅಗತ್ಯ.

ನಾಟಿ ಭತ್ತಕ್ಕೆ ಸುಮಾರು 1200 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ನೀರು ಬೇಕಾದರೆ, ಮುಸುಕಿನ ಜೋಳಕ್ಕೆ 500ರಿಂದ 600 ಮಿ.ಮೀ. ಸಾಕು. ಬೇಸಿಗೆಯಲ್ಲಿ ಜಲಾಶಯದ ಮಟ್ಟ ಕಡಿಮೆಯಿದ್ದಾಗ ಅರೆ ನೀರಾವರಿ ಬೆಳೆಗಳನ್ನು ಆಯ್ದುಕೊಳ್ಳುವಂತೆ ಸಂಘವು ಮೊದಲೇ ನಿರ್ಣಯಿಸಬೇಕು. ಭತ್ತವನ್ನೇ ಬೆಳೆಯುವವರು ಸದಾ ನೀರು ನಿಲ್ಲಿಸುವ ಬದಲು, ರಂಧ್ರಗಳಿರುವ ಕೊಳವೆಯನ್ನು ಗದ್ದೆಯಲ್ಲಿ ಹೂತು, ಒಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ ಮತ್ತೆ ಹಾಯಿಸಬಹುದು. ಹೂ ಬಿಡುವ ಹಂತದಲ್ಲಿ ಮಾತ್ರ ತೆಳುವಾಗಿ ನೀರು ನಿಲ್ಲಿಸಬೇಕು.

ಅಡಿಕೆ ತೋಟಗಳ ಪ್ರಶ್ನೆ ಬೇರೆ. ಬೇಸಿಗೆಯಲ್ಲಿ ಗಿಡವೊಂದಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 20 ಲೀಟರ್ ಎಂದು ಹಿಡಿದರೆ, 550 ಗಿಡಗಳ ಎಕರೆಗೆ 11,000 ಲೀಟರ್ ಬೇಕು. ಒಂದು ಕ್ಯುಸೆಕ್ ನೀರನ್ನು ಒಂದು ಗಂಟೆ ಕೃಷಿ ಹೊಂಡದಲ್ಲಿ ಸಂಗ್ರಹಿಸಿದರೆ ಒಂದು ಎಕರೆ ತೋಟಕ್ಕೆ 9 ದಿನ ಸಾಲುತ್ತದೆ. ನಾಲೆ ನಿಂತ ದಿನಗಳಲ್ಲಿ ತೋಟದವರು ಆತಂಕಪಡುವುದನ್ನೂ, ನಾಲೆ ಹರಿಯುವಾಗ ಅಗತ್ಯಕ್ಕಿಂತ ಹೆಚ್ಚು ಹಾಯಿಸುವುದನ್ನೂ ಇದು ತಪ್ಪಿಸುತ್ತದೆ.

ನಾಲ್ಕನೆಯ ಪಾಠ: ನಡೆ ಮತ್ತು ದಾಖಲೆ

ನಿರ್ದೇಶಕರ ಸ್ವಂತ ಹೊಲವೂ ಅದೇ ನಾಲೆಯಲ್ಲಿರುತ್ತದೆ. ಎಲ್ಲರ ಕಣ್ಣೂ ಮೊದಲು ಆ ಹೊಲದ ಮೇಲೆ ಬೀಳುವುದು ಸಹಜ. ತಮ್ಮ ಸರದಿಗೆ ಮೊದಲೇ ತೂಬು ಎತ್ತಿದ ನಿರ್ದೇಶಕರು ಬೇರೆಯವರಿಗೆ ನಿಯಮ ಹೇಳಲಾರರು. ತಮ್ಮ ಸಂಬಂಧಿಕರಿಗೆ ಹೂಳೆತ್ತುವ ಗುತ್ತಿಗೆ ಕೊಡುವ ವಿಷಯ ಬಂದಾಗ ಅದನ್ನು ಸಭೆಗೆ ತಿಳಿಸಿ ಚರ್ಚೆಯಿಂದ ಹೊರಗುಳಿಯಬೇಕು.

ಅನಧಿಕೃತ ಪಂಪ್‌ಸೆಟ್‌ಗಳ ಬಗ್ಗೆ ಮೃದು ಧೋರಣೆ ಸಲ್ಲದು. ನಾಲೆಯಿಂದ ಅಕ್ರಮವಾಗಿ ನೀರೆತ್ತುವುದಕ್ಕೆ ವಿಧಿಸುವ ಶಿಕ್ಷೆಯನ್ನು 2024ರಲ್ಲಿ ನೀರಾವರಿ ಅಧಿನಿಯಮಕ್ಕೆ ತಂದ ತಿದ್ದುಪಡಿ ಹೆಚ್ಚಿಸಿದೆ. ಆದರೂ ಮೊದಲು ತಿಳಿಹೇಳಿ, ಅನಂತರ ಲಿಖಿತ ಎಚ್ಚರಿಕೆ ನೀಡಿ, ಬಳಿಕ ನಿಗಮದ ಎಂಜಿನಿಯರರಿಗೆ ದೂರು ಸಲ್ಲಿಸುವ ಕ್ರಮ ಊರಿನ ಸಾಮರಸ್ಯಕ್ಕೆ ಒಳ್ಳೆಯದು.

ಸಂಘದಲ್ಲಿ ಕನಿಷ್ಠ ನಾಲ್ಕು ಪುಸ್ತಕಗಳಿರಬೇಕು: ಸದಸ್ಯರ ಜಮೀನು ಮತ್ತು ಬೆಳೆ ವಿವರ, ನೀರಿನ ಅಳತೆ, ಸರದಿ ಹಾಗೂ ದೂರು, ಕರ ವಸೂಲಿ ಮತ್ತು ಖರ್ಚು. ಪ್ರತಿವರ್ಷ ಲೆಕ್ಕಪರಿಶೋಧನೆ ಮಾಡಿಸಿ ಮಹಾಸಭೆಯ ಮುಂದಿಡಬೇಕು. ಮಂಡಳಿಯಲ್ಲಿ ಮೇಲಿನ, ನಡುವಿನ ಮತ್ತು ಕೊನೆಯ ಭಾಗದ ರೈತರೆಲ್ಲರೂ ಇರುವಂತೆ ಸದಸ್ಯರು ನೋಡಿಕೊಳ್ಳುವುದು ಹಿತಕರ.

ಕಡೂರು ಮತ್ತು ಅಜ್ಜಂಪುರಕ್ಕೆ ಅನ್ವಯ

ಕಡೂರಿನ ಕೆರೆಗಳ ಕೆಳಗೆ ಈ ತತ್ವ ಹೊಸದಲ್ಲ. ತೂಬು ತೆಗೆದು ಮುಚ್ಚಿ, ಗದ್ದೆಗದ್ದೆಗೆ ನೀರು ಹಾಯಿಸುತ್ತಿದ್ದ ನೀರಗಂಟಿಗಳು ಊರಿನ ಪರವಾಗಿ ಇದೇ ಕೆಲಸ ಮಾಡುತ್ತಿದ್ದರು. ಈಗ ಕೆರೆ ತುಂಬಿದ ವರ್ಷದಲ್ಲಿ ಅಚ್ಚುಕಟ್ಟಿನವರು ಸಭೆ ಸೇರಿ, ಕೆರೆಯಲ್ಲಿರುವ ನೀರನ್ನು ಅಂದಾಜಿಸಿ, ಅದಕ್ಕೆ ತಕ್ಕಷ್ಟು ವಿಸ್ತೀರ್ಣಕ್ಕೆ ಮಾತ್ರ ಭತ್ತ ನಾಟಿ ಮಾಡಬೇಕು. ಕೆರೆಯ ನೀರನ್ನು ಪೂರ್ತಿ ಬರಿದು ಮಾಡಿದರೆ ಸುತ್ತಲಿನ ಕೊಳವೆಬಾವಿಗಳೂ ಕುಡಿಯುವ ನೀರಿನ ಮೂಲಗಳೂ ಬೇಗ ಸೊರಗುತ್ತವೆ ಎಂಬುದನ್ನು ಮರೆಯಬಾರದು.

ಭದ್ರಾ ಮೇಲ್ದಂಡೆ ಯೋಜನೆಯು 29.9 ಟಿ.ಎಂ.ಸಿ. ನೀರಿನಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ ಒದಗಿಸುವ ಮತ್ತು ಕೆರೆಗಳನ್ನು ತುಂಬಿಸುವ ಗುರಿ ಹೊಂದಿದೆ. ಕೊಳವೆಯ ಮೂಲಕ ಬರುವ ನೀರಿನಲ್ಲಿಯೂ ಮೇಲಿನವರು ಕವಾಟವನ್ನು ಹೆಚ್ಚು ತೆರೆದರೆ ಕೆಳಗಿನವರಿಗೆ ಒತ್ತಡ ಸಾಲದು. ಆದ್ದರಿಂದ ಈ ವ್ಯಾಪ್ತಿಯ ರೈತರು ನೀರು ಬರುವ ಮೊದಲೇ ಸಂಘಟಿತರಾಗಿ, ಸರದಿಯ ನಿಯಮಗಳನ್ನು ಬರೆದುಕೊಳ್ಳುವುದು ಜಾಣತನ. ನೀರು ಬಂದ ಮೇಲೆ ನಿಯಮ ಮಾಡಹೊರಟರೆ ಬಲವಿದ್ದವರ ರೂಢಿಯೇ ನಿಯಮವಾಗುತ್ತದೆ.

ಮುಕ್ತಾಯ

ನೀರು ಬಳಕೆದಾರರ ಸಂಘದ ನಿರ್ದೇಶಕ ಸ್ಥಾನದಲ್ಲಿ ಗೌರವಕ್ಕಿಂತ ದುಡಿಮೆ ಹೆಚ್ಚು, ಹೊಗಳಿಕೆಗಿಂತ ದೂರು ಹೆಚ್ಚು. ಆದರೂ ಕಾಲುವೆ ನಡೆದು ನೋಡುವ, ಅಳೆದು ಬರೆದಿಡುವ, ಕೊನೆಯಿಂದ ಸರದಿ ಆರಂಭಿಸುವ ಮಂಡಳಿಯಿದ್ದಲ್ಲಿ ಬರದ ವರ್ಷವೂ ಊರು ಒಡೆಯುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ಹಂಗಾಮಿನ ಆರಂಭದಲ್ಲಿ ಒಂದೊಂದು ಸಂಘದ ನಿರ್ದೇಶಕರನ್ನು ಕಾಲುವೆಯ ಮೇಲೆಯೇ ಸೇರಿಸಿ ಮೇಲಿನ ಅಳತೆಯನ್ನು ಮಾಡಿ ತೋರಿಸುವುದು ಅಪೇಕ್ಷಣೀಯ. ಬೆಳೆ ಯೋಜನೆ ಮತ್ತು ನೀರಿನ ಲೆಕ್ಕದ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ರೈತರು ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.