ದೋಷದ ನೆಲೆ: ಗೃಹಧ್ವನಿ ವ್ಯವಸ್ಥೆಯ ಕೀಪ್ಯಾಡುಗಳ ಪರೀಕ್ಷೆ

ಮನೆಯ ಹಲವು ಕೋಣೆಗಳಲ್ಲಿ ಏಕಕಾಲಕ್ಕೆ ಸಂಗೀತವನ್ನು ಕೇಳಿಸುವ ವ್ಯವಸ್ಥೆಗಳುಂಟು. ತಂತಿಯಿಂದ ಜೋಡಿಸಿದ ಇಂತಹ ವ್ಯವಸ್ಥೆಯಲ್ಲಿ ಆಂಪ್ಲಿಫೈಯರೂ ನಿಯಂತ್ರಕವೂ ಒಂದೆಡೆ ಇರುತ್ತವೆ; ಧ್ವನಿಯನ್ನು ಏರಿಸಿ ಇಳಿಸಲು ಪ್ರತಿ ಕೋಣೆಯ ಗೋಡೆಯಲ್ಲಿ ಕೀಪ್ಯಾಡ್ ಎಂಬ ಗುಂಡಿಫಲಕವಿರುತ್ತದೆ. ಗುಂಡಿಯನ್ನು ಒತ್ತಿದಾಗ ಫಲ ದೊರೆಯದಿದ್ದರೆ ಫಲಕವೇ ಕೆಟ್ಟಿತೆಂದು ಬಗೆದು ಅದನ್ನು ಬದಲಾಯಿಸುವವರುಂಟು. ಹೊಸದೂ ಮೌನವಾಗಿಯೇ ಉಳಿದರೆ ಹಣ ವ್ಯರ್ಥ, ದೋಷ ಮಾತ್ರ ಇದ್ದಲ್ಲೇ. ಲಕ್ಷಣ ತೋರುವ ಸ್ಥಳವೇ ಕಾರಣವಿರುವ ಸ್ಥಳವಾಗಿರಬೇಕಿಲ್ಲ ಎಂಬುದು ದೋಷಶೋಧನೆಯ ಮೊದಲ ಪಾಠ.

ಮೊದಲು ದೋಷದ ವ್ಯಾಪ್ತಿಯನ್ನು ಗೊತ್ತುಮಾಡಬೇಕು. ಎಲ್ಲ ಫಲಕಗಳೂ ನಿಷ್ಕ್ರಿಯವಾಗಿದ್ದರೆ ಕೇಂದ್ರದ ವಿದ್ಯುತ್ ಪೂರೈಕೆಯನ್ನೂ ನಿಯಂತ್ರಕವನ್ನೂ ಶಂಕಿಸುವುದು ಯುಕ್ತ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದು ಹಂತದಿಂದ ಮುಂದಿನವು ಮಾತ್ರ ನಿಂತಿದ್ದರೆ ಆ ಹಂತದ ಜೋಡಣೆಯನ್ನು ನೋಡಬೇಕು. ಒಂದೇ ಫಲಕ ನಿಂತಿದ್ದರೆ, ವಿದ್ಯುತ್ತನ್ನು ಆರಿಸಿ ಅದನ್ನು ಕಳಚಿ, ನಿಯಂತ್ರಕದ ಬಳಿ ಗಿಡ್ಡ ಕೇಬಲ್ಲಿನಿಂದ ಜೋಡಿಸಿ ನೋಡಬೇಕು. ಅಲ್ಲಿ ಕೆಲಸ ಮಾಡಿದರೆ ಫಲಕ ನಿರ್ದೋಷಿ. ಉಳಿದುದು ಗೋಡೆಯೊಳಗಿನ ದಾರಿ.

ಈ ದಾರಿಯಲ್ಲಿ ಓಮನ ನಿಯಮ ನಮಗೆ ನೆರವಾಗುತ್ತದೆ. ಅನೇಕ ವ್ಯವಸ್ಥೆಗಳಲ್ಲಿ ವಿದ್ಯುತ್ತೂ ಸಂಕೇತವೂ ನಾಲ್ಕು ಜೊತೆ ತಂತಿಗಳ ಒಂದೇ ಕೇಬಲ್ಲಿನಲ್ಲಿ ಸಾಗುತ್ತವೆ. 24 ಗೇಜಿನ ತಾಮ್ರದ ತಂತಿಯ ರೋಧ 100 ಮೀಟರಿಗೆ ಸುಮಾರು 8.4 ಓಮ್. ಫಲಕಗಳು 50 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ದಾರಿ 100 ಮೀಟರ್. ಅಲ್ಲಿ ಮೂರು ಫಲಕಗಳು ತಲಾ 0.2 ಆಂಪಿಯರ್ ಪ್ರವಾಹವನ್ನು ಒಂದೇ ಜೊತೆ ತಂತಿಯಿಂದ ಸೆಳೆಯುತ್ತವೆಂದು ಭಾವಿಸೋಣ. ಆಗ 0.6 ಆಂಪಿಯರಿಗೆ ಸುಮಾರು 5 ವೋಲ್ಟು ದಾರಿಯಲ್ಲಿಯೇ ನಷ್ಟವಾಗಿ, 12 ವೋಲ್ಟಿನಲ್ಲಿ 7 ಮಾತ್ರ ಉಳಿಯುತ್ತದೆ. ಫಲಕಗಳನ್ನು ಕಳಚಿ ಅಳೆದರೆ ಪ್ರವಾಹವಿಲ್ಲ, ಆದುದರಿಂದ ನಷ್ಟವೂ ಇಲ್ಲ; ಮಾಪಕ 12 ವೋಲ್ಟನ್ನೇ ತೋರಿಸಿ ನಮ್ಮನ್ನು ವಂಚಿಸುತ್ತದೆ. ಎಲ್ಲ ಫಲಕಗಳೂ ಜೋಡಣೆಯಲ್ಲಿದ್ದು ಬೆಳಗುತ್ತಿರುವಾಗಲೇ ಅಳೆಯಬೇಕೆಂಬುದರ ಮರ್ಮವಿದು. ತಯಾರಕರ ಸೂಚನೆ ಅನುಮತಿಸಿದರೆ, ಬಳಕೆಯಲ್ಲಿಲ್ಲದ ಇನ್ನೊಂದು ಜೊತೆಯನ್ನು ಸಮಾಂತರವಾಗಿ ಸೇರಿಸಿ ನಷ್ಟವನ್ನು ಅರ್ಧಕ್ಕಿಳಿಸಬಹುದು.

ವಿಭವಾಂತರ ಸರಿಯಿದ್ದೂ ಫಲಕ ಸ್ಪಂದಿಸದಿದ್ದರೆ ಸಂಕೇತದ ತಂತಿಗಳನ್ನು ಪರಿಶೀಲಿಸಬೇಕು. ಕೇಬಲ್ಲಿನ ಒಂದು ತುದಿಯನ್ನು ಟಿ568ಎ ಕ್ರಮದಲ್ಲಿಯೂ ಇನ್ನೊಂದನ್ನು ಟಿ568ಬಿ ಕ್ರಮದಲ್ಲಿಯೂ ಕಟ್ಟಿದರೆ ಹಸಿರು ಮತ್ತು ಕಿತ್ತಳೆ ಜೊತೆಗಳು ಅದಲುಬದಲಾಗುತ್ತವೆ. ವಿದ್ಯುತ್ತು ಸಂಕೇತದ ತಂತಿಗೆ ಹರಿದು ಒಳ್ಳೆಯ ಫಲಕವೂ ಸುಡಬಹುದು. ಆದುದರಿಂದ ಹೊಸ ಫಲಕವನ್ನು ಜೋಡಿಸುವ ಮುನ್ನ ಕೇಬಲ್ಲಿನ ಎರಡು ತುದಿಗಳನ್ನೂ ಹೋಲಿಸಿ ನೋಡುವುದು ಅತ್ಯಗತ್ಯ.

ಒಮ್ಮೆಗೆ ಒಂದನ್ನೇ ಬದಲಿಸು, ಫಲವನ್ನು ಗುರುತಿಸಿಕೋ, ಅನಂತರ ಮುಂದುವರಿ: ಪ್ರಯೋಗಾಲಯದ ಈ ಶಿಸ್ತು ಗೋಡೆಯ ಗುಂಡಿಗೂ ಅಷ್ಟೇ ಸಲ್ಲುತ್ತದೆ.